ಇಲಿ ಹಿಡಿಯುವವರ ವಂಶ

ಕರಿಯ ನಮ್ಮ ಮನೆಗೆ ಬಂದಾಗ ಅವನಿಗೆ ಎಂಟು ವಾರ. ತೂಕ ಒಂದು ಕಿಲೋ ಕೂಡ ಇರಲಿಲ್ಲ. ಯಾರ್ಕ್‌ಷೈರ್ ಟೆರಿಯರ್ ಮರಿಗಳು ಹುಟ್ಟುವಾಗ ಕಪ್ಪಾಗಿದ್ದು, ಬೆಳೆದಂತೆ ಬೆನ್ನಿನ ಕೂದಲು ಉಕ್ಕಿನ ನೀಲಿಗೆ ತಿರುಗುತ್ತದೆ. ಅದು ಗೊತ್ತಿಲ್ಲದೆ ಹೆಸರಿಟ್ಟೆವು. ಗೊತ್ತಿಲ್ಲದೆ ಮಾಡಿದ ಇನ್ನೊಂದು ತಪ್ಪು ಇಷ್ಟು ಹಗುರವಾದದ್ದಲ್ಲ. ಎರಡನೆಯ ಚುಚ್ಚುಮದ್ದಿನವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ ಎಂದದ್ದನ್ನು ಹೊರಗೇ ಒಯ್ಯಬಾರದು ಎಂದು ತಿಳಿದು, ಬಾಣಂತಿ ಕೋಣೆಯ ಕೂಸಿನಂತೆ ಮೂರು ವಾರ ಒಳಗೇ ಇಟ್ಟೆವು. ಆಮೇಲೆ ಬಂದ ಮೊದಲ ಅತಿಥಿಗಳನ್ನು ಕಂಡು ಸೋಫಾದಡಿ ನುಗ್ಗಿದವನು, ಎತ್ತಿಕೊಳ್ಳಲು ಕೈಚಾಚಿದ ಅವರ ಪುಟ್ಟ ಮಗಳ ಬೆರಳು ಕಚ್ಚಿದ.

“ಅಂಗೈಯಷ್ಟು ನಾಯಿಗೆ ಅಷ್ಟು ಕೋಪ ಎಲ್ಲಿಂದ ಬಂತೋ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

ಉತ್ತರ ನಾವಿರುವ ಹಡರ್ಸ್‌ಫೀಲ್ಡಿನಲ್ಲೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೆಲಸ ಹುಡುಕಿಕೊಂಡು ಯಾರ್ಕ್‌ಷೈರಿನ ಗಿರಣಿಗಳಿಗೆ ಬಂದರು. ತಮ್ಮ ಪುಟ್ಟ ಟೆರಿಯರ್‌ಗಳನ್ನೂ ತಂದರು. (ವಲಸೆ ಬಂದವರ ನಾಯಿಗೆ ಊರಿನ ಹೆಸರು ಸಿಕ್ಕಿತು, ನೋಡಿ.) ಟೆರಿಯರ್ ಎಂಬ ಮಾತಿನ ಬೇರು ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ಮಣ್ಣು. ಬಿಲಕ್ಕೆ ನುಗ್ಗಿ ಬೇಟೆ ಹಿಡಿಯುವ ನಾಯಿ ಅದು. ಹಗಲು ಗಿರಣಿಯ ಇಲಿ ಹಿಡಿಯುವ ಕೆಲಸ, ಸಂಜೆ ಪಂದ್ಯ. ಗೂಳಿ, ಕರಡಿಗಳ ಮೇಲೆ ನಾಯಿ ಛೂ ಬಿಡುವ ಆಟವನ್ನು 1835ರ ಕಾಯ್ದೆ ನಿಷೇಧಿಸಿದ ಮೇಲೂ, ಕಟಕಟೆಯೊಳಗೆ ಇಲಿಗಳನ್ನು ಸುರಿದು, ಯಾವ ನಾಯಿ ಬೇಗ ಕೊಲ್ಲುತ್ತದೆಂದು ಬಾಜಿ ಕಟ್ಟುವುದು ನಡೆದೇ ಇತ್ತು. ಈ ತಳಿಯ ಮೂಲಪುರುಷ ಎನಿಸಿದ ಹಡರ್ಸ್‌ಫೀಲ್ಡ್ ಬೆನ್ 1865ರಲ್ಲಿ ಹುಟ್ಟಿ, ಪ್ರದರ್ಶನಗಳಲ್ಲೂ ಇಲಿ ಪಂದ್ಯಗಳಲ್ಲೂ ಗೆದ್ದು, 1871ರಲ್ಲಿ ಗಾಡಿಯಡಿ ಸಿಕ್ಕಿ ಸತ್ತ. 1886ರಲ್ಲಿ ಕೆನಲ್ ಕ್ಲಬ್ ತಳಿಗೆ ಮನ್ನಣೆ ನೀಡಿತು. ನಾಯಿಗೆ ಗಿರಣಿಯಿಂದ ಮಡಿಲಿಗೆ ಬಡ್ತಿಯಾಯಿತು. ಹಲ್ಲಿಗೆ ಆ ಸುದ್ದಿ ಮುಟ್ಟಲಿಲ್ಲ. ಕರಿಯ ನನ್ನ ಕಾಲುಚೀಲ ಕಚ್ಚಿ ತಲೆ ಒದರುವುದು ಇಲಿಯ ಕತ್ತು ಮುರಿಯುವ ಹಳೆಯ ವಿದ್ಯೆಯೇ.

ಆದರೆ ಅತಿಥಿಗಳ ಭಯ ವಂಶದ್ದಲ್ಲ, ನಮ್ಮದು. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಅವುಗಳಲ್ಲಿ ಫಾಕ್ಸ್ ಟೆರಿಯರ್ ಮರಿಗಳು ಒಡಹುಟ್ಟಿದವರೊಂದಿಗೇ ಕಚ್ಚಾಡುತ್ತಿದ್ದವು. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ: ಮನುಷ್ಯರನ್ನೂ ಲೋಕವನ್ನೂ ನಂಬಲು ಮರಿ ಕಲಿಯುವುದು ಮುಖ್ಯವಾಗಿ ಮೂರರಿಂದ ಹನ್ನೆರಡನೆಯ ವಾರದೊಳಗೆ. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹದಿನಾಲ್ಕು ವಾರ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಆಮೇಲೆ ಹತ್ತಿರ ಬರಲೇ ಹೆದರಿದವು.

ಲೆಕ್ಕ ಹಾಕಿದೆ. ನಮಗೆ ಉಳಿದದ್ದು ಒಂದೇ ವಾರ.

ಅವತ್ತೇ ಜೋಳಿಗೆಯಲ್ಲಿ ಕೂರಿಸಿಕೊಂಡು ರೈಲು ನಿಲ್ದಾಣಕ್ಕೆ ಹೋದೆ. ಮಾರನೆಯ ದಿನ ಸಂತೆ, ಆಮೇಲೆ ಶಾಲೆಯ ಗೇಟು. ಮುಟ್ಟಲು ಬಂದವರಿಗೆ, ಮುಟ್ಟದೆ ಒಂದು ಚೂರು ಚೀಸ್ ಕೊಡಿ ಸಾಕು ಎಂದೆ. ಮನೆಯಲ್ಲಿ ಕಾಲುಚೀಲ ಕಿತ್ತುಕೊಳ್ಳುವುದನ್ನು ನಿಲ್ಲಿಸಿದೆವು. ಬಿಟ್ಟುಕೊಟ್ಟರೆ ಬದಲಿಗೆ ಕೋಳಿಯ ತುಣುಕು. ಗದರಿದರೆ ಅವನು ಇನ್ನೂ ಬಿಗಿಯಾಗಿ ಕಚ್ಚುತ್ತಿದ್ದ. ಇಲಿಯನ್ನು ಬಿಡದವನನ್ನೇ ಅಲ್ಲವೇ ಆ ನೇಕಾರರು ಆರಿಸಿ ಬೆಳೆಸಿದ್ದು?

ಕಚ್ಚಿಸಿಕೊಂಡ ಹುಡುಗಿಯ ತಂದೆತಾಯಿ ದೊಡ್ಡ ಮನಸ್ಸು ಮಾಡಿ ಮತ್ತೆ ಬಂದರು. ಅವಳು ನೆಲದ ಮೇಲೆ ಕೂತು, ಅವನತ್ತ ನೋಡದೆ, ಚೀಸ್ ಚೂರನ್ನು ದೂರಕ್ಕೆ ಉರುಳಿಸುತ್ತಿದ್ದಳು. ಆರನೆಯ ಭಾನುವಾರ ಅವನೇ ಬಂದು ಅವಳ ಅಂಗೈ ನೆಕ್ಕಿದ. ಛತ್ರಿ ಬಿಚ್ಚಿದವರನ್ನು ಕಂಡರೆ ಮಾತ್ರ ಈಗಲೂ ಬೊಗಳುತ್ತಾನೆ. ಯಾರ್ಕ್‌ಷೈರಿನಲ್ಲಿ ಅದು ಸಣ್ಣ ತೊಂದರೆಯಲ್ಲ.