ನಾಲಗೆಯ ಕಾವಲು



ಸಂಯಮವೆಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಉಪವಾಸವಿದ್ದವನೂ ಸಂಯಮಿ, ಕೋಪ ನುಂಗಿದವನೂ ಸಂಯಮಿ. ಮಾತು ಒಂದೇ, ಆದರೆ ತನ್ನನ್ನು ತಾನು ಹಿಡಿದುಕೊಳ್ಳುವ ಬಗೆ ಒಂದೇ ಅಲ್ಲ. ಹಿಂದಿನವರು ಆ ಬಗೆಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರು. ಅವು ಕಲ್ಲಿನ ಮೇಲೆಯೇ ಉಳಿದಿವೆ.

ಕಲಬುರಗಿ ಜಿಲ್ಲೆಯ ಭೀಮಾ ತೀರದಲ್ಲಿ ಸನ್ನತಿ ಇದೆ. ಚಂದ್ರಲಾಂಬೆಯ ಕ್ಷೇತ್ರವೆಂದು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅಲ್ಲಿಯ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೈಮೇಲೆ ಬ್ರಾಹ್ಮೀ ಅಕ್ಷರಗಳು! ಅದು ಅಶೋಕ ಚಕ್ರವರ್ತಿಯ ಶಾಸನ. ಅವನ 14 ಬಂಡೆಶಾಸನಗಳಲ್ಲಿ 12ನೆಯದು ಅದರಲ್ಲಿದೆ.

ಆ ಶಾಸನದ ಸಾರವಿಷ್ಟು: ತನ್ನ ಮತವನ್ನು ಕಾರಣವಿಲ್ಲದೆ ಹೊಗಳಬಾರದು, ಪರಮತವನ್ನು ಹಳಿಯಬಾರದು. ತನ್ನದರ ಮೇಲಿನ ಭಕ್ತಿಯಿಂದಲೇ ಇನ್ನೊಬ್ಬರದನ್ನು ಜರೆಯುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಇದನ್ನು ಹೇಳಿದವನಾರು? ಕ್ರಿ.ಪೂ. 261ರ ಸುಮಾರಿಗೆ ಕಳಿಂಗವನ್ನು ಗೆದ್ದು, ಅಲ್ಲಿ 1 ಲಕ್ಷ ಜನ ಮಡಿದರೆಂದು ತಾನೇ ಬರೆಸಿ ಮರುಗಿದ ಅರಸು. ಕತ್ತಿಯ ಪಾಡನ್ನು ಕಂಡವನು ನಾಲಗೆಯ ಪಾಡನ್ನೂ ಬಲ್ಲವನಾದ.

ಈ ಗುಣಕ್ಕೆ ಆತನು ಬಳಸಿದ ಮಾತು 'ವಚಗುತಿ', ಸಂಸ್ಕೃತದಲ್ಲಿ ವಚೋಗುಪ್ತಿ. ಗುಪ್ತಿ ಎಂದರೆ ಕಾವಲು. ಜೈನರೂ ಮನಸ್ಸು, ಮಾತು, ಕಾಯ ಎಂದು ಮೂರು ಗುಪ್ತಿಗಳನ್ನು ಹೇಳುತ್ತಾರೆ. ದನ ಕಾಯುವವನು ದನವನ್ನು ಕೊಲ್ಲುವುದಿಲ್ಲ, ಮೂಗುಕಟ್ಟಿ ಕೆಡವುವುದೂ ಇಲ್ಲ. ಪರರ ಹೊಲಕ್ಕೆ ನುಗ್ಗದಂತೆ ನೋಡಿಕೊಳ್ಳುತ್ತಾನೆ. ಗುಪ್ತಿ ಅಂಥದು. ನಾಲಗೆ ಆಡಲಿ, ಆದರೆ ಪರರ ಮನಸ್ಸನ್ನು ಮೇಯದಿರಲಿ.

ಇನ್ನೊಂದು ಮಾತು 'ಸಯಮ', ನಮ್ಮ ಸಂಯಮ. ಇದರ ಮೂಲ 'ಯಮ್', ಎಂದರೆ ಹಿಡಿ, ತಡೆ. ಕಠೋಪನಿಷತ್ತು ದೇಹವನ್ನು ರಥವೆಂದು, ಇಂದ್ರಿಯಗಳನ್ನು ಕುದುರೆಗಳೆಂದು, ಮನಸ್ಸನ್ನು ಲಗಾಮೆಂದು ಹೇಳಿತಲ್ಲ, ಆ ಲಗಾಮಿನ ಹಿಡಿತವೇ ಸಂಯಮ. ಕಾವಲು ಗಡಿಯನ್ನು ನೋಡುತ್ತದೆ. ಲಗಾಮು ಓಟವನ್ನೇ ಹದಗೊಳಿಸುತ್ತದೆ.

ಮೂರನೆಯ ಮಾತು ದೂರದ್ದು. ಅಶೋಕನ ರಾಜ್ಯ ಅಫ್ಘಾನಿಸ್ತಾನದವರೆಗೂ ಹಬ್ಬಿತ್ತು. ಅಲ್ಲಿಯ ಕಂದಹಾರದಲ್ಲಿ ಗ್ರೀಕರಿದ್ದರು; ಅವರಿಗಾಗಿ ಇದೇ 12ನೆಯ ಶಾಸನವನ್ನು ಗ್ರೀಕ್ ಭಾಷೆಗೆ ತಿರುಗಿಸಿ ಕೆತ್ತಿಸಿದರು. ಅದರ ಕೊನೆಯ ಭಾಗವಿರುವ ಕಲ್ಲು 1963ರಲ್ಲಿ ಸಿಕ್ಕಿತು. ಅನುವಾದಕನು ಆರಿಸಿದ ಪದ 'ಎಂಕ್ರಾತೇಯ'. 'ಕ್ರಾತೋಸ್' ಎಂದರೆ ಅಧಿಕಾರ, ಬಲ. ನಾಲಗೆಯ ಮೇಲೆ ಒಡೆತನವುಳ್ಳವನೇ ತನ್ನ ಮೇಲೆ ಒಡೆತನವುಳ್ಳವನೆಂಬುದು ಅಲ್ಲಿಯ ಭಾವ. ಕಾಯುವುದು, ಹಿಡಿಯುವುದು, ಆಳುವುದು: ಗುಣವೊಂದೇ, ಛಾಯೆ ಮೂರು.

ಇನ್ನೊಂದು ಸೋಜಿಗ ನೋಡಿ. ಇದೇ ಶಾಸನದ ಒಂದು ವಾಕ್ಯದಲ್ಲಿ ಗುಜರಾತಿನ ಗಿರ್ನಾರದ ಬಂಡೆಯು 'ಸಮವಾಯ'ವೇ ಒಳ್ಳೆಯದೆನ್ನುತ್ತದೆ; ಎಂದರೆ ಕೂಡಿ ಬಾಳುವುದು. ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿಯ ಬಂಡೆಯಲ್ಲಿ ಅದೇ ಜಾಗದಲ್ಲಿ 'ಸಯಮ' ಎಂದಿದೆ. ಲಿಪಿಕಾರನ ಕೈತಪ್ಪೋ, ಬೇಕೆಂದೇ ಬರೆದದ್ದೋ, ಪಂಡಿತರು ವಿಚಾರಿಸಲಿ. ನಮಗೆ ಎರಡೂ ಪಾಠ ಬೇಕು. ನಾಲಗೆಗೆ ಸಂಯಮವಿಲ್ಲದ ಊರಿನಲ್ಲಿ ಸಮವಾಯ ನಿಲ್ಲದು.

ತಂದೆತಾಯಿಗಳೇ, ನಮ್ಮಲ್ಲಿ ಉಪವಾಸ ಮಾಡುವವರಿದ್ದಾರೆ, ಮೌನ ಹಿಡಿಯುವವರಿದ್ದಾರೆ. ಆದರೆ ಮಠದ ಮೆಟ್ಟಿಲಿಳಿಯುತ್ತಲೇ ಪಕ್ಕದ ಮಠವನ್ನೋ, ಎದುರು ಓಣಿಯ ಜಾತಿಯನ್ನೋ ಹಳಿದರೆ ಆ ವ್ರತದಿಂದ ಬಂದದ್ದೇನು? ನಮ್ಮ ಗುರುವನ್ನು ದೊಡ್ಡವನನ್ನಾಗಿಸಲು ಪರರ ಗುರುವನ್ನು ಚಿಕ್ಕವನನ್ನಾಗಿಸಬೇಕಿಲ್ಲ. ಇಂದು ಮನೆಗೆ ಹೋಗುವಾಗ ಒಂದೇ ವ್ರತ ಹಿಡಿಯಿರಿ: ನಾಲಗೆಗೆ ಕಾವಲು.