ಹುಚ್ಚಾಸ್ಪತ್ರೆಯನ್ನು ಪಾಠಶಾಲೆಯಾಗಿಸಿದ ವೈದ್ಯ

ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಗಣಿಯ ಸಯನೈಡ್ ದಿಬ್ಬಗಳನ್ನು ಹಿಂದೆ ಬಿಟ್ಟು ಬಂಗಾರಪೇಟೆ ಸೇರಿ, ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತದೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್. ಜನರ ಅನ್ನದ ದಾರಿಯೂ ಇದೇ. ಕೆಲಸಕ್ಕೆ ಹೋಗುವವರ ನಡುವೆ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ. ಆದರೆ ‘ನಿಮ್ಹಾನ್ಸ್‌ಗೆ ಹೋಗುತ್ತಿದ್ದೇವೆ’ ಎಂದು ಪಕ್ಕದವರಿಗೆ ಹೇಳಲು ಎಷ್ಟೋ ಮಂದಿ ಇಂದಿಗೂ ಹಿಂಜರಿಯುತ್ತಾರೆ. ಆ ಹೆಸರಿನ ಹಿಂದೆ ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರಿನ ನೆರಳು ಇನ್ನೂ ಇದೆ.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ನೆನಪಿಗೆ ಬಂದ ಹೆಸರದು. ಆತನ ಕಾಲಕ್ಕಾಗಲೇ ಬೆಂಗಳೂರಿನಲ್ಲಿ ‘ಲೂನಾಟಿಕ್ ಅಸೈಲಂ’ ಇತ್ತು. ಅಸೈಲಂ ಎಂದರೆ ಆಶ್ರಯ. ವಾಸ್ತವದಲ್ಲಿ ಅದು ಹೆಚ್ಚಾಗಿ ಕೂಡಿಹಾಕುವ ಜಾಗ. 1925ರಲ್ಲಿ ಅದಕ್ಕೆ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರಾಯಿತು. 1930ರ ದಶಕದಲ್ಲಿ ಆಸ್ಪತ್ರೆ ಹೊಸೂರು ರಸ್ತೆಯ ಬದಿಯ ಈಗಿನ ಜಾಗಕ್ಕೆ ಬಂತು. ಬೋರ್ಡು ಬದಲಾದಷ್ಟು ಬೇಗ ಚಿಕಿತ್ಸೆ ಬದಲಾದೀತೆ? ಆ ಬದಲಾವಣೆಗೆ ಜೀವಮಾನವನ್ನೇ ತೆತ್ತವರು ಡಾ. ಎಂ.ವಿ. ಗೋವಿಂದಸ್ವಾಮಿ.

ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ತರಬೇತಿ ಪಡೆದವರು. ಡಾ. ಫ್ರಾಂಕ್ ನರೋನ್ಹಾ ಅವರ ನಂತರ ಬೆಂಗಳೂರು ಆಸ್ಪತ್ರೆಯ ಹೊಣೆ ಹೊತ್ತರು. ಮನಶ್ಶಾಸ್ತ್ರ ಮತ್ತು ಭಾರತೀಯ ತತ್ತ್ವಶಾಸ್ತ್ರ ಎರಡರಲ್ಲೂ ಅವರಿಗೆ ಆಸಕ್ತಿಯಿತ್ತು.

ಅವರ ಮುಂದಿದ್ದ ಕಷ್ಟವನ್ನು ಇಂದು ಊಹಿಸುವುದು ಸುಲಭವಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗೆ ನೆಚ್ಚಬಹುದಾದ ಮಾತ್ರೆಯೇ ಆಗ ಇರಲಿಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ನಮ್ಮ ಸರ್ಪಗಂಧದ ಬೇರಿನ ಗುಣವನ್ನು ವರದಿ ಮಾಡಿದ್ದರು. ಜಗತ್ತು ಅದನ್ನು ಗಂಭೀರವಾಗಿ ಪರಿಗಣಿಸಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಯೂರೋಪಿನಿಂದ ಬಂದದ್ದು ಆಘಾತ ಚಿಕಿತ್ಸೆಗಳು: 1933ರಲ್ಲಿ ಇನ್ಸುಲಿನ್ ಕೋಮಾ, 1934ರಲ್ಲಿ ಫಿಟ್ಸ್ ಬರಿಸುವ ಔಷಧ, 1938ರಲ್ಲಿ ವಿದ್ಯುತ್. ಫಿಟ್ಸ್ ಬರಿಸಲು ಬಳಸುತ್ತಿದ್ದ ಕಾರ್ಡಿಯಜಾಲ್ ಕುರಿತು ಗೋವಿಂದಸ್ವಾಮಿ 1939ರಲ್ಲೇ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು.

ಇದಕ್ಕಿಂತ ಕಠಿಣವಾದ ಹೆಜ್ಜೆ ಮುಂದಿತ್ತು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1935ರಲ್ಲಿ ಆರಂಭಿಸಿದ್ದ ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣರಾಯರು 1940ರ ದಶಕದ ಮೊದಲಲ್ಲಿ ಮಾಡತೊಡಗಿದರು. ಹಣೆಯ ಹಿಂದಿನ ಮೆದುಳಿನ ನರತಂತುಗಳನ್ನು ಕತ್ತರಿಸುವುದೇ ಅದರ ವಿಧಾನ. ಭಾರತೀಯ ರೋಗಿಗಳ ಮೇಲಿನ ಈ ಅನುಭವವನ್ನು ಇಬ್ಬರೂ ಸೇರಿ 1944ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಐದು ವರ್ಷದ ಬಳಿಕ ಮೊನಿಜ್‌ಗೆ ನೊಬೆಲ್ ಬಹುಮಾನವೇ ಬಂತು.

ಇಂದು ಇದನ್ನು ಓದುವಾಗ ಎದೆ ಝಲ್ಲೆನ್ನುತ್ತದೆ. ಕತ್ತರಿಸಿದ ತಂತು ಮತ್ತೆ ಕೂಡುವುದಿಲ್ಲ. ಉದ್ರೇಕ ಇಳಿದವರಲ್ಲಿ ಎಷ್ಟೋ ಜನರ ಉತ್ಸಾಹ, ವ್ಯಕ್ತಿತ್ವವೂ ಕುಂದಿತೆಂದು ಜಗತ್ತು ನಿಧಾನವಾಗಿ ಅರಿತಿತು. ಹಾಗೆಂದು ಆ ವೈದ್ಯರನ್ನು ಕ್ರೂರಿಗಳೆಂದು ತೀರ್ಮಾನಿಸಿಬಿಡುವುದು ಸುಲಭ. ಅವರ ಎದುರಿಗಿದ್ದ ಇನ್ನೊಂದು ದಾರಿಯೆಂದರೆ ವರ್ಷಗಟ್ಟಲೆ ಬೀಗ ಹಾಕಿದ ಕೋಣೆ ಎಂಬುದನ್ನೂ ಮರೆಯಬಾರದು. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಂದ ಮೇಲೆ ಕತ್ತಿಯ ಜಾಗವನ್ನು ಮಾತ್ರೆ ಹಿಡಿಯಿತು.

ಗೋವಿಂದಸ್ವಾಮಿಯವರ ದೊಡ್ಡ ಕೊಡುಗೆ ಇರುವುದು ಬೇರೆಡೆ. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಸುಮಾರು ನಲವತ್ತು ಕೋಟಿ ಜನರ ದೇಶದಲ್ಲಿ ಮನೋರೋಗಿಗಳಿಗೆ ಇದ್ದದ್ದು ಹತ್ತು ಸಾವಿರದಷ್ಟು ಹಾಸಿಗೆ. ತರಬೇತಾದ ವೈದ್ಯರಂತೂ ಬೆರಳೆಣಿಕೆ. ಹಾಸಿಗೆಗಿಂತ ಮೊದಲು ಕಲಿಸುವವರು ಬೇಕಿತ್ತು. 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು ಒಂದೇ ಸೂರಿನಡಿ ಕಲಿಯತೊಡಗಿದರು. ಅವರು 1961ರಲ್ಲಿ ತೀರಿಕೊಂಡರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಅಲ್ಲಿಂದ ವಿದ್ಯೆ ಹಳ್ಳಿಯತ್ತ ನಡೆಯಿತು. 1970ರ ದಶಕದಲ್ಲಿ ಡಾ. ಆರ್.ಎಲ್. ಕಪೂರ್ ಮತ್ತವರ ಸಂಗಡಿಗರು ಆನೇಕಲ್ ಬಳಿಯ ಸಕಲವಾರದಲ್ಲಿ, ತೀವ್ರ ಮನೋರೋಗವನ್ನು ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ಗುರುತಿಸಿ ನೋಡಿಕೊಳ್ಳುವ ಬಗೆಯನ್ನು ಪ್ರಯೋಗಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ ಇಡೀ ದೇಶಕ್ಕೆ ಮಾದರಿಯಾಯಿತು. 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು ಅದೇ ಮಾದರಿಯಲ್ಲಿ.

ಕಾನೂನೂ ಪಾಠ ಕಲಿತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ರೋಗಿಯ ಒಪ್ಪಿಗೆಯೂ ಮಂಡಳಿಯ ಅನುಮತಿಯೂ ಇಲ್ಲದೆ ಮನೋರೋಗಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಅಂದು ಯಾರೂ ಕೇಳದೆ ಹೋದ ರೋಗಿಯ ಮಾತಿಗೆ ಹೀಗೆ ಬೆಲೆ ಬಂತು.

ಉಳಿದಿರುವುದು ನಮ್ಮ ನಾಚಿಕೆ. ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟವನನ್ನು ಕೆ.ಜಿ.ಎಫ್.ನಲ್ಲಿ ಯಾರೂ ಹಳಿಯಲಿಲ್ಲ. ಮನಸ್ಸು ಕೆಟ್ಟವನ ಮನೆಯವರು ಮಾತ್ರ ರೈಲಿನಲ್ಲಿ ದನಿ ತಗ್ಗಿಸಿ ಯಾಕೆ ಮಾತಾಡಬೇಕು?