ಎಚ್‌ಐವಿ ವೈದ್ಯರು (ಭಾರತ): ತರಬೇತಿ ಮತ್ತು ಹಂಚಿಕೆಯ ಇತಿಹಾಸ

ಭಾರತದಲ್ಲಿ ಎಚ್‌ಐವಿ ಚಿಕಿತ್ಸೆಯ ಚರಿತ್ರೆಯನ್ನು 2004ರ ಏಪ್ರಿಲ್ 1ರಿಂದ, ಅಂದರೆ ಸರ್ಕಾರ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿದ ದಿನದಿಂದ, ಎಣಿಸುವುದು ವಾಡಿಕೆ. ಇದು ಔಷಧದ ಚರಿತ್ರೆಯಾದೀತೇ ಹೊರತು ವೈದ್ಯರದ್ದಲ್ಲ.

1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಸೋಂಕುಗಳನ್ನು ಪತ್ತೆ ಹಚ್ಚಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸ್ಥಾಪನೆಯಾಯಿತು. ಅದರ ಮೊದಲ ಹಂತದ ಗಮನವೆಲ್ಲ ಜಾಗೃತಿ, ರಕ್ತದ ಸುರಕ್ಷತೆಗಳ ಮೇಲಿತ್ತು. ರೋಗಿಗಳೇನೂ ಕಾಯಲಿಲ್ಲ. ಅನೇಕ ಆಸ್ಪತ್ರೆಗಳು ಬಾಗಿಲು ಹಾಕಿಕೊಂಡಾಗ ಅವರನ್ನು ನೋಡಿದ್ದು ಚೆನ್ನೈ ಬಳಿಯ ತಾಂಬರಂ ಕ್ಷಯರೋಗ ಆಸ್ಪತ್ರೆ, ಸಾಲೊಮನ್ 1993ರಲ್ಲಿ ಕಟ್ಟಿದ ವೈಆರ್‌ಜಿ ಕೇರ್, ಬೆಂಗಳೂರಿನ ಸ್ನೇಹದಾನದಂಥ ಕ್ರೈಸ್ತ ಆರೈಕೆ ಕೇಂದ್ರಗಳು ಮತ್ತು ಬೆರಳೆಣಿಕೆಯ ಖಾಸಗಿ ವೈದ್ಯರು. ಇವರು ವಾರ್ಡಿನಲ್ಲೇ ಕಲಿತವರು. ಮುಂದೆ ತಾಂಬರಂ ಇತರ ವೈದ್ಯರಿಗೂ ತರಬೇತಿಯ ತಾಣವಾಯಿತು.

2004ರ ಯೋಜನೆ ಆರು ರಾಜ್ಯಗಳು ಮತ್ತು ದೆಹಲಿಯ ಎಂಟು ಆಸ್ಪತ್ರೆಗಳಲ್ಲಿ ಶುರುವಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವುಗಳಲ್ಲೊಂದು. ಬರಹಗಳಲ್ಲಿ 'ಎಚ್‌ಐವಿ ತಜ್ಞ' ಎಂಬ ಮಾತು ಸಲೀಸಾಗಿ ಬಂದರೂ ಅಂಥ ಸ್ನಾತಕೋತ್ತರ ವಿಭಾಗ ಕಾಲೇಜುಗಳಲ್ಲಿರಲಿಲ್ಲ. ಕೇಂದ್ರದ ಹೊಣೆ ಸಾಮಾನ್ಯವಾಗಿ ಮೆಡಿಸಿನ್ ವಿಭಾಗದ್ದು. ದಿನನಿತ್ಯ ರೋಗಿಗಳನ್ನು ನೋಡುತ್ತಿದ್ದವರು ಹೆಚ್ಚಾಗಿ ಗುತ್ತಿಗೆಯ ಎಂಬಿಬಿಎಸ್ ವೈದ್ಯಾಧಿಕಾರಿಗಳು. ಅವರಿಗೆ ಸಿಗುತ್ತಿದ್ದುದು ಅಲ್ಪಾವಧಿ ತರಬೇತಿ. ನ್ಯಾಕೋ ಜೊತೆಗೂಡಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ನಡೆಸಿದ ಒಂದು ವರ್ಷದ ಡಿಪ್ಲೊಮಾ ಈ ಕೊರತೆಯನ್ನು ತುಸು ತುಂಬಿತು.

ತಾಲ್ಲೂಕುಗಳಿಗಾಗಿ ಬಂದ ಲಿಂಕ್ ಎಆರ್‌ಟಿ ಕೇಂದ್ರಗಳಲ್ಲಿ ಅಲ್ಲಿನ ವೈದ್ಯರೇ, ಇದ್ದ ಕೆಲಸದ ಜೊತೆಗೆ, ಆರೋಗ್ಯ ಸ್ಥಿರವಾಗಿದ್ದ ರೋಗಿಗಳಿಗೆ ಮಾತ್ರೆ ಕೊಡತೊಡಗಿದರು. ಮಾತ್ರೆ ಹತ್ತಿರ ಬಂತು, ತೀರ್ಮಾನ ಬರಲಿಲ್ಲ: ಚಿಕಿತ್ಸೆಯ ಆರಂಭ ದೊಡ್ಡ ಕೇಂದ್ರದಲ್ಲೇ ಆಗುತ್ತಿತ್ತು. ಮೊದಲ ಔಷಧಗಳು ಫಲ ಕೊಡದಾಗ ಕೊಡುವ ಎರಡನೇ ಸಾಲಿನ ಔಷಧ ಸರ್ಕಾರಿ ಯೋಜನೆಯಲ್ಲಿ 2008ರಲ್ಲಿ ಮೊದಲು ಸಿಕ್ಕಿದ್ದು ಮುಂಬೈಯ ಜೆ.ಜೆ. ಆಸ್ಪತ್ರೆ ಮತ್ತು ತಾಂಬರಂನಲ್ಲಿ ಮಾತ್ರ. ಆಮೇಲೂ ಅದಕ್ಕೆ ರಾಜ್ಯಮಟ್ಟದ ತಜ್ಞ ಸಮಿತಿಯ ಒಪ್ಪಿಗೆ ಬೇಕಿತ್ತು. ಸಮಿತಿಯ ಮುಂದೆ ಹಾಜರಾಗಲು ದೂರದ ಜಿಲ್ಲೆಯ ರೋಗಿ ಬಸ್ಸು ಹತ್ತಬೇಕಾಗುತ್ತಿತ್ತು. ಕೇಂದ್ರಗಳ ಸಂಖ್ಯೆಯನ್ನಷ್ಟೇ ಕೊಡುವ ವರದಿಗಳಲ್ಲಿ ಈ ಅಂತರ ಕಾಣುವುದಿಲ್ಲ.

ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದದ್ದು 2017ರಲ್ಲಿ. ಅದೇ ವರ್ಷದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಯಾಯಿತು. ಚಿಕಿತ್ಸೆಯಲ್ಲಿ ತಾರತಮ್ಯ ತೋರುವುದನ್ನು ಅದು ನಿಷೇಧಿಸಿತು. ಸೋಂಕು ತಗುಲದಂತೆ ಕೆಲಸ ಮಾಡುವ ತರಬೇತಿಯನ್ನು ಸಿಬ್ಬಂದಿಗೆ ಕೊಡಿಸುವ ಹೊಣೆಯನ್ನು ಆರೋಗ್ಯ ಸಂಸ್ಥೆಗಳ ಮೇಲೆ ಹೊರಿಸಿತು.